‘ಮನೆಗೆ ವಿಮೆ ಇದೆ’ ಎಂಬ ಮಾತಿನ ಅರ್ಥ

2019ರ ಆಗಸ್ಟ್ ತಿಂಗಳ ಎರಡನೆಯ ವಾರ, ಆಶ್ಲೇಷಾ ಮಳೆ ಬಿಡುವಿಲ್ಲದೆ ಹೊಯ್ಯುತ್ತಿದ್ದಾಗ, ಶಿವಮೊಗ್ಗದಿಂದ ಫೋನ್ ಮಾಡಿದ ಅಪ್ಪ ಮೊದಲು ಹೇಳಿದ್ದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಪೂರ್ತಿ ಮುಳುಗಿದೆ ಎಂಬ ಸುದ್ದಿಯನ್ನು. ತುಂಗೆ ಎಷ್ಟು ತುಂಬಿದ್ದಾಳೆ ಎಂಬುದನ್ನು ನಮ್ಮೂರಿನವರು ಅಳೆಯುವುದು ಆ ಮಂಟಪದಿಂದಲೇ. ಅದು ಮುಳುಗಿತೆಂದರೆ ಸೇತುವೆಯ ಮೇಲೆ ಜನ ನೆರೆದು ಹೊಳೆ ನೋಡುವುದು ವಾಡಿಕೆ. ಆ ವರ್ಷ ಮಾತ್ರ ಹೊಳೆಯೇ ಜನರ ಮನೆಯೊಳಕ್ಕೆ ಬಂದಿತು. ಗಾಜನೂರು ಅಣೆಕಟ್ಟೆಯಿಂದ ಇಳಿದ ನೀರು ನಗರದ ತಗ್ಗು ಪ್ರದೇಶಗಳಿಗೆ ನುಗ್ಗಿ, ಕುಂಬಾರಗುಂಡಿ, ವಿದ್ಯಾನಗರ ಮೊದಲಾದ ಕಡೆ ಮನೆಗಳು ಜಲಾವೃತವಾದವು. ನಮ್ಮ ಮನೆಯಲ್ಲಿ ಸೊಂಟದ ಮಟ್ಟಕ್ಕೆ ನೀರು ನಿಂತಿತ್ತು. ಅದು ಇಳಿದ ಮೇಲೆ ಹಿತ್ತಿಲ ಕಡೆಯ ಗೋಡೆ ಬಾಯಿ ಬಿಟ್ಟಿತ್ತು. ಅಕ್ಕಿ ಡಬ್ಬ, ಹಾಸಿಗೆಗಳು, ಫ್ರಿಜ್, ಅಮ್ಮನ ಹೊಲಿಗೆ ಯಂತ್ರ ಎಲ್ಲವೂ ಕೆಸರಿನ ಮುದ್ದೆಯಾಗಿದ್ದವು.

ಅಪ್ಪ ಆಗ ಧೈರ್ಯ ಕಳೆದುಕೊಂಡಿರಲಿಲ್ಲ. “ಮನೆಗೆ ವಿಮೆ ಇದೆಯಲ್ಲ, ಬ್ಯಾಂಕಿನವರೇ ಮಾಡಿಸಿದ್ದಾರೆ” ಎಂದರು. ಗೃಹಸಾಲ ಪಡೆಯುವಾಗ ಒಂದೇ ಕಂತಿನಲ್ಲಿ ಸಾಲದ ಜೊತೆ ಸೇರಿಸಿ ಕಡಿತ ಮಾಡಿಕೊಂಡ ಹಣದ ರಸೀದಿಯನ್ನು ಅವರು ಕಬ್ಬಿಣದ ಟ್ರಂಕಿನ ಮೇಲ್ಪದರದಲ್ಲಿ ಜೋಪಾನವಾಗಿ ಇಟ್ಟಿದ್ದರು. ಅದನ್ನು ತೆಗೆದುಕೊಂಡು ಬ್ಯಾಂಕಿಗೆ ಹೋದಾಗ ತಿಳಿದ ಸಂಗತಿಯೆಂದರೆ, ಅದು ಸಾಲಗಾರನ ಜೀವವಿಮೆ. ಅಪ್ಪ ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ಭರಿಸುತ್ತದೆ. ಮನೆ ಕುಸಿದರೆ ಆ ಪಾಲಿಸಿಗೂ ಮನೆಗೂ ಯಾವ ಸಂಬಂಧವೂ ಇಲ್ಲ. ಹನ್ನೊಂದು ವರ್ಷ ನಾವೆಲ್ಲರೂ, ಓದಿ ನೌಕರಿ ಹಿಡಿದಿದ್ದ ನಾನೂ ಸೇರಿದಂತೆ, ‘ಮನೆಗೆ ವಿಮೆ ಇದೆ’ ಎಂದೇ ನಂಬಿಕೊಂಡಿದ್ದೆವು.

ನೆರೆ ವಿಮೆಯ ಬಗ್ಗೆ ನಾನು ಓದಲು ಆರಂಭಿಸಿದ್ದು ಆ ದಿನದಿಂದ. ನಮ್ಮ ನಾಡಿನಲ್ಲಿ ಮನೆಯ ಮಾಲೀಕರು ನಷ್ಟಕ್ಕೆ ಒಳಗಾಗುವುದಕ್ಕೆ ವಿಮೆಯ ಕಂತು ದುಬಾರಿ ಎಂಬುದು ನಿಜವಾದ ಕಾರಣವಲ್ಲ ಎಂದು ಈಗ ನನಗೆ ಖಚಿತವಾಗಿದೆ. ವಿಮೆ ಯಾವುದರ ಮೇಲೆ ಇದೆ, ಯಾವ ಮೌಲ್ಯಕ್ಕೆ ಇದೆ ಎಂಬ ಎರಡು ಪ್ರಶ್ನೆಗಳನ್ನು ನಾವು ಸಕಾಲದಲ್ಲಿ ಕೇಳಿಕೊಳ್ಳುವುದಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ಅಂತರ್ಜಾಲದಲ್ಲಿ ನೆರೆ ವಿಮೆ ಎಂದು ಹುಡುಕಿದರೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಅಮೆರಿಕದ ವ್ಯವಸ್ಥೆಯನ್ನು ಕುರಿತವು. ಅಲ್ಲಿ ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. 1968ರಲ್ಲಿ ಆರಂಭವಾದ ಸರ್ಕಾರಿ ನೆರೆ ವಿಮಾ ಯೋಜನೆಯಿಂದಲೋ ಖಾಸಗಿ ಕಂಪನಿಯಿಂದಲೋ ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಸರ್ಕಾರಿ ಯೋಜನೆಯಲ್ಲಿ ವಾಸದ ಮನೆಯ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ವಸ್ತುಗಳಿಗೆ 1,00,000 ಡಾಲರ್ ಮಿತಿಯಿದೆ, ಮತ್ತು ಸಾಮಾನ್ಯವಾಗಿ ಕೊಂಡ ಮೂವತ್ತು ದಿನಗಳ ನಂತರವೇ ರಕ್ಷಣೆ ಆರಂಭವಾಗುತ್ತದೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಬಂಧುವೊಬ್ಬರು 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆಗೆ ತಮ್ಮ ನೆಲಮಾಳಿಗೆ ತುಂಬಿದಾಗಲೇ ಈ ವ್ಯತ್ಯಾಸವನ್ನು ಅರಿತದ್ದು. ಅಲ್ಲಿರುವ ಕನ್ನಡಿಗರು ಇದನ್ನು ಗಮನಿಸಲೇಬೇಕು. ಆದರೆ ಅಲ್ಲಿಯ ನೆರೆ ವಲಯಗಳ ನಕ್ಷೆ, ಪ್ರತ್ಯೇಕ ಪಾಲಿಸಿ ಮುಂತಾದ ವಿವರಗಳನ್ನು ಓದಿ, ನಮ್ಮಲ್ಲಿ ಅಂಥದ್ದು ಸಿಗುವುದಿಲ್ಲ ಎಂದು ಕೈಬಿಡುವುದು ತಪ್ಪು. ಭಾರತದಲ್ಲಿ ಪ್ರವಾಹದ ರಕ್ಷಣೆ ಸಾಮಾನ್ಯ ಗೃಹವಿಮೆಯ ಒಳಗೇ ಇದೆ.

ಆ ಗೃಹವಿಮೆಯ ಹೆಸರು ಭಾರತ್ ಗೃಹ ರಕ್ಷಾ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಗೃಹವಿಮೆಗಾಗಿ ರೂಪಿಸಿದ ಈ ಏಕರೂಪದ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮುಖ್ಯ ಷರತ್ತುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ ಆಗಿರುವುದರಿಂದ, ಒಮ್ಮೆ ಚೆನ್ನಾಗಿ ಓದಿದರೆ ಸಾಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತವಾಗುವಿಕೆ, ಭೂಕುಸಿತ, ನೀರಿನ ತೊಟ್ಟಿ ಅಥವಾ ಕೊಳವೆ ಒಡೆದು ಉಕ್ಕುವುದು ಇವೆಲ್ಲ ಅದರಲ್ಲಿ ಸೇರಿವೆ. ಹೊಳೆ ಉಕ್ಕಿ ಬಂದ ನೀರು ಮಾತ್ರವಲ್ಲದೆ, ಮಳೆನೀರು ಹರಿದುಹೋಗಲು ದಾರಿಯಿಲ್ಲದೆ ಬಡಾವಣೆಯಲ್ಲಿ ನಿಂತು ಮನೆಗೆ ನುಗ್ಗಿದರೂ ಅದು ಜಲಾವೃತವಾಗುವಿಕೆಯೇ. ಬೆಂಗಳೂರಿನವರಿಗೆ ಈ ಮಾತು ಮುಖ್ಯ. ಅಲ್ಲಿ ದೊಡ್ಡ ನದಿಯಿಲ್ಲದಿದ್ದರೂ ರಾಜಕಾಲುವೆಗಳಿವೆ. ಕೊಡಗಿನವರಿಗೆ ಭೂಕುಸಿತದ ಅಂಶ ಅಷ್ಟೇ ಮುಖ್ಯ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಮೊದಲಾದ ಕಡೆ ಮನೆಗಳನ್ನು ಕೊಂಡೊಯ್ದದ್ದು ಗುಡ್ಡ ಜರಿದು ಬಂದ ಮಣ್ಣು. ಹೊಳೆಯ ನೀರಿಗೆ ಮಾತ್ರ ರಕ್ಷಣೆ ಕೊಡುವ ಪಾಲಿಸಿಯಾಗಿದ್ದರೆ ಅಂಥವರಿಗೆ ಉಪಯೋಗವಾಗುತ್ತಿರಲಿಲ್ಲ.

ಭೂಕುಸಿತಕ್ಕೆ ಇರುವ ಹೊರತುಗಳನ್ನೂ ಹೇಳಬೇಕು. ಹೊಸ ಕಟ್ಟಡ ಕೂರುವಾಗ ಸಹಜವಾಗಿ ಬೀಳುವ ಬಿರುಕು, ಮಣ್ಣು ತುಂಬಿಸಿ ಎತ್ತರಿಸಿದ ನೆಲ ಕುಸಿಯುವುದು, ನದಿ ಅಥವಾ ಕಡಲಿನ ಕೊರೆತ, ದೋಷಪೂರಿತ ವಿನ್ಯಾಸ ಅಥವಾ ಕಳಪೆ ಸಾಮಗ್ರಿ, ಅಗೆತದ ಕಾಮಗಾರಿ ಇವುಗಳಿಂದಾದ ಕುಸಿತಕ್ಕೆ ಪರಿಹಾರವಿಲ್ಲ. ಗುಡ್ಡ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತುಂಬಿಸಿ ಸಮತಟ್ಟು ಮಾಡಿದ ಜಾಗದಲ್ಲಿ ಮನೆ ಕಟ್ಟುವವರೂ, ಕಡಲ ಕೊರೆತವಿರುವ ಕರಾವಳಿಯಲ್ಲಿ ಮನೆಯುಳ್ಳವರೂ ಈ ಸಾಲುಗಳನ್ನು ಎರಡು ಬಾರಿ ಓದಬೇಕು. ಅಂತೆಯೇ ಛಾವಣಿ ಸೋರಿ ಒಳಗೆ ನೀರಿಳಿದರೆ ಅದನ್ನು ಪ್ರವಾಹವೆಂದು ಕಂಪನಿಗಳು ಒಪ್ಪುವುದು ಕಷ್ಟ. ಅದು ನಿರ್ವಹಣೆಯ ಕೊರತೆ ಎನ್ನುತ್ತಾರೆ.

ಇನ್ನು ಮೌಲ್ಯದ ವಿಚಾರ. ಜನ ಹೆಚ್ಚಾಗಿ ಎಡವುವುದು ಇಲ್ಲಿ. ಮನೆಯ ಮಾರುಕಟ್ಟೆ ಬೆಲೆ ಎಂದು ನಾವು ಹೇಳುವ ಮೊತ್ತದಲ್ಲಿ ನಿವೇಶನದ ಬೆಲೆಯೂ ಸೇರಿರುತ್ತದೆ. ನೀರು ಎಷ್ಟೇ ಬಂದರೂ ನಿವೇಶನ ಅಲ್ಲಿಯೇ ಇರುತ್ತದೆ. ಹಾಗಾಗಿ ವಿಮೆ ಮಾಡಿಸಬೇಕಾದದ್ದು ಅದೇ ಕಟ್ಟಡವನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ. ಗೃಹ ರಕ್ಷಾ ಪಾಲಿಸಿಯ ಲೆಕ್ಕ ಸರಳವಾಗಿದೆ: ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಗೋಡೆಗಳ ಒಳಗೆ ಬಳಕೆಗೆ ಸಿಗುವ ನೆಲದ ಅಳತೆಯನ್ನು, ಚದರ ಮೀಟರಿನಲ್ಲಿ ಹಿಡಿದು, ಆ ಊರಿನಲ್ಲಿ ಒಂದು ಚದರ ಮೀಟರ್ ಕಟ್ಟಲು ಆಗುವ ಖರ್ಚಿನಿಂದ ಗುಣಿಸಬೇಕು, ಕಾಂಪೌಂಡು, ಗ್ಯಾರೇಜು, ನೀರಿನ ತೊಟ್ಟಿಯಂಥ ಹೆಚ್ಚುವರಿ ರಚನೆಗಳಿದ್ದರೆ ಅವುಗಳ ವೆಚ್ಚ ಸೇರಿಸಬೇಕು. ಉದಾಹರಣೆಗೆ ನೂರು ಚದರ ಮೀಟರ್, ಅಂದರೆ ಸುಮಾರು 1,076 ಚದರ ಅಡಿಯ ಮನೆಗೆ ಚದರ ಮೀಟರಿಗೆ 22,000 ರೂಪಾಯಿ ಹಿಡಿದರೆ, ಕಟ್ಟಡದ ವಿಮಾ ಮೊತ್ತ 22 ಲಕ್ಷ ರೂಪಾಯಿ. ಆ ಮನೆ ನಿವೇಶನ ಸಮೇತ 90 ಲಕ್ಷಕ್ಕೆ ಮಾರಾಟವಾಗಬಹುದು. ಆದರೆ 90 ಲಕ್ಷಕ್ಕೆ ವಿಮೆ ಮಾಡಿಸಿ ಕಂತು ಕಟ್ಟುವುದರಿಂದ ಹೆಚ್ಚು ಪರಿಹಾರ ಸಿಗುವುದಿಲ್ಲ. ಬಾಕಿ ಇರುವ ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸುವ ಪರಿಪಾಠವೂ ಇದೆ. ಅದರಿಂದ ಸಾಲ ಕೊಟ್ಟವರ ಹಿತ ಕಾಪಾಡಿದಂತಾಗುತ್ತದೆ, ಮನೆಯವರ ಹಿತ ಅರ್ಧಕ್ಕೇ ನಿಲ್ಲುತ್ತದೆ.

ಕಟ್ಟಡದೊಂದಿಗೆ ಮನೆಯೊಳಗಿನ ವಸ್ತುಗಳಿಗೂ ರಕ್ಷಣೆ ಪಡೆದರೆ, ಪ್ರತಿಯೊಂದರ ಪಟ್ಟಿ ಕೊಡದೆಯೇ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಅವು ಸೇರಿಕೊಳ್ಳುತ್ತವೆ. ಮೇಲಿನ ಉದಾಹರಣೆಯಲ್ಲಿ ಅದು 4 ಲಕ್ಷದ 40 ಸಾವಿರ. ಅದಕ್ಕಿಂತ ಹೆಚ್ಚು ಬೇಕೆನ್ನುವವರು ವಿವರ ನೀಡಬೇಕು. ಒಡವೆ, ಕಲಾಕೃತಿಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆಯಿದೆ. ನಗದು, ದಾಖಲೆಪತ್ರಗಳು, ವಾಹನಗಳು ಮನೆಯ ವಸ್ತುಗಳ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ಕಟ್ಟಡದ ಗೊಡವೆಗೆ ಹೋಗದೆ ತಮ್ಮ ವಸ್ತುಗಳಿಗೆ ಮಾತ್ರ ವಿಮೆ ಮಾಡಿಸಬಹುದು.

ಈ ಪಾಲಿಸಿಯಲ್ಲಿ ನನಗೆ ಮೆಚ್ಚುಗೆಯಾದ ಅಂಶಗಳು ಕೆಲವಿವೆ. ಮನೆ ವಾಸಯೋಗ್ಯವಾಗುವವರೆಗೆ ಬೇರೆಡೆ ಇರಲು ಆಗುವ ಬಾಡಿಗೆ, ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ನಿಂತುಹೋದ ಬಾಡಿಗೆ, ಅವಶೇಷ ತೆರವು ಮಾಡಲು ಕ್ಲೇಮಿನ, ಅಂದರೆ ಕೋರಿದ ಪರಿಹಾರದ, ಶೇ 2ರವರೆಗೆ, ಎಂಜಿನಿಯರು ಮತ್ತು ವಾಸ್ತುಶಿಲ್ಪಿಯ ಶುಲ್ಕಕ್ಕೆ ಶೇ 5ರವರೆಗೆ ಹಣ ದೊರೆಯುತ್ತದೆ. ನೆರೆ ಬಂದ ಏಳು ದಿನಗಳೊಳಗೆ, ಆ ನೆರೆಯ ಕಾರಣದಿಂದಲೇ ನಡೆದ ಕಳವಿಗೂ ರಕ್ಷಣೆಯಿದೆ. ಮನೆ ಬಿಟ್ಟು ಕಾಳಜಿ ಕೇಂದ್ರದಲ್ಲಿ ರಾತ್ರಿ ಕಳೆದವರಿಗೆ ಇದರ ಬೆಲೆ ಗೊತ್ತು. ನಮ್ಮ ಓಣಿಯ ಗಂಡಸರು ಆ ರಾತ್ರಿಗಳಲ್ಲಿ ಸರದಿಯ ಮೇಲೆ ತೆಪ್ಪದಲ್ಲಿ ಬಂದು ಮನೆಗಳನ್ನು ಕಾಯುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದ ಸುಧಾರಣೆ ಕಡಿಮೆ ವಿಮೆಯ ಷರತ್ತನ್ನು ಕೈಬಿಟ್ಟದ್ದು. ವ್ಯಾಪಾರದ ಆಸ್ತಿಗೆ ಆ ಷರತ್ತು ಇಂದಿಗೂ ಇದೆ. 40 ಲಕ್ಷ ಬೆಲೆಯ ಸರಕನ್ನು 20 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 6 ಲಕ್ಷ ನಷ್ಟವಾದಾಗ 6 ಲಕ್ಷ ಸಿಗುವುದಿಲ್ಲ. ಅರ್ಧಕ್ಕೆ ವಿಮೆ ಮಾಡಿಸಿದ್ದರಿಂದ ಅರ್ಧ ನಷ್ಟವನ್ನು ಮಾಲೀಕನೇ ಹೊರಬೇಕೆಂದು 3 ಲಕ್ಷ ಮಾತ್ರ ಕೊಡುತ್ತಾರೆ. 2019ರಲ್ಲಿ ಮಂಡಿಯಲ್ಲಿ ಧಾನ್ಯದ ವ್ಯಾಪಾರ ಮಾಡುತ್ತಿದ್ದ ನನ್ನ ದೊಡ್ಡಪ್ಪನ ಮಗನಿಗೆ ಇದಕ್ಕಿಂತ ಕಠಿಣವಾದ ಅನುಭವವಾಯಿತು. ಆಗಿನ ಅಗ್ನಿವಿಮೆಯಲ್ಲಿ ಬಿರುಗಾಳಿ ಮತ್ತು ಪ್ರವಾಹದ ಭಾಗವನ್ನು ತೆಗೆಸಿ ಕಂತು ಇಳಿಸಿಕೊಳ್ಳುವ ಅವಕಾಶವಿತ್ತು. ಕಂತು ಕಡಿಮೆ ಮಾಡಿಸಿಕೊಟ್ಟ ಏಜೆಂಟರನ್ನು ಅವನು ಮೂರು ವರ್ಷ ಹೊಗಳಿದ್ದ. ಮೂಟೆಗಳಲ್ಲಿ ಮೊಳಕೆಯೊಡೆದ ಕಾಳನ್ನು ಟ್ರ್ಯಾಕ್ಟರಿಗೆ ತುಂಬಿಸಿ ಎಸೆದ ದಿನ ಪಾಲಿಸಿಯ ಎರಡನೆಯ ಪುಟದಲ್ಲಿ ಆ ಸಾಲನ್ನು ನಾವಿಬ್ಬರೂ ಕೂಡಿ ಓದಿದೆವು. ಈಗ ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿವರೆಗಿನ ಸಣ್ಣ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಯಿದೆ. ಅದರಲ್ಲಿ ಶೇ 15ರವರೆಗಿನ ಕಡಿಮೆ ವಿಮೆಯನ್ನು ಮನ್ನಿಸುತ್ತಾರೆ. ಅಂಗಡಿಯುಳ್ಳವರು ಹಬ್ಬದ ಮುನ್ನ ಸರಕು ಹೆಚ್ಚಿಸಿದಾಗಲೆಲ್ಲ ವಿಮಾ ಮೊತ್ತವನ್ನೂ ನೆನಪಿಸಿಕೊಳ್ಳಬೇಕು.

“ಸರ್ಕಾರ ಪರಿಹಾರ ಕೊಡುತ್ತದಲ್ಲ” ಎಂದು ಕೇಳುವವರಿದ್ದಾರೆ. ಕೊಡುತ್ತದೆ, ಮತ್ತು ಕಷ್ಟದ ಹೊತ್ತಿನಲ್ಲಿ ಅದು ದೊಡ್ಡ ಆಸರೆ. 2019ರಲ್ಲಿ ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿ, ಪೂರ್ಣ ಕುಸಿದ ಮನೆಗಳಿಗೆ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಅದು ಆ ವರ್ಷದ ವಿಶೇಷ ನಿರ್ಧಾರ. ವಿಪತ್ತು ಪರಿಹಾರ ನಿಧಿಯ ನಿಗದಿತ ದರ ಆಗ ಬಯಲು ಪ್ರದೇಶದ ಪೂರ್ಣ ಹಾನಿಯಾದ ಪಕ್ಕಾ ಮನೆಗೆ 95,100 ರೂಪಾಯಿ ಇತ್ತು. 2022ರ ನಂತರ ಅದು 1,20,000 ರೂಪಾಯಿ ಆಯಿತು. ಭಾಗಶಃ ಹಾನಿಗೆ ಇನ್ನೂ ಕಡಿಮೆ. ನಮ್ಮ ಮನೆ ಭಾಗಶಃ ಹಾನಿಯ ವರ್ಗಕ್ಕೆ ಸೇರಿತು, ರಿಪೇರಿಗೆ ನಾಲ್ಕು ಲಕ್ಷ ಖರ್ಚಾಯಿತು, ಬಂದ ಪರಿಹಾರ ಹಿಂಬದಿಯ ಗೋಡೆ ಏಳಿಸುವಷ್ಟರಲ್ಲಿ ಮುಗಿಯಿತು. ಹಳ್ಳಿಯ ಕಡೆಯವರು ಫಸಲ್ ಬಿಮಾ ಯೋಜನೆಯನ್ನೂ ಮನೆಯ ರಕ್ಷಣೆಯೆಂದು ಭಾವಿಸುವುದುಂಟು; ಅದು ಬೆಳೆಗೆ ಮಾತ್ರ.

ಕ್ಲೇಮು ಸಲ್ಲಿಸುವ ಬಗೆಯನ್ನು ನಾನು ಕಲಿತದ್ದು ಅತ್ತಿಗೆಯ ಮನೆಯಿಂದ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಬಿದ್ದ ಮಳೆ ಬೆಳಗಾಗುವಷ್ಟರಲ್ಲಿ 131.6 ಮಿಲಿಮೀಟರ್ ದಾಖಲಾಯಿತು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ ದೃಶ್ಯಗಳನ್ನು ದೇಶವೇ ನೋಡಿತು. ಆ ಭಾಗದಲ್ಲಿಯೇ ನೆಲಮಹಡಿಯಲ್ಲಿರುವ ಅತ್ತಿಗೆಯ ಮನೆಗೆ ವಿಮೆಯಿತ್ತು. ನೀರು ಇಳಿದ ಮರುದಿನವೇ ಅವರು ಮನೆ ತೊಳೆದು, ಹಾಳಾದ ಟಿವಿ, ವಾಷಿಂಗ್ ಮಷಿನ್, ಹಾಸಿಗೆಗಳನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಕೊಳಕು ನೀರಿನ ವಾಸನೆಯಲ್ಲಿ ಮಕ್ಕಳನ್ನು ಇರಿಸಿಕೊಂಡ ತಾಯಿ ಮತ್ತೇನು ಮಾಡಿಯಾರು? ಆದರೆ ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ನೇಮಿಸಿದ ಸರ್ವೇಯರ್ ಬಂದು ವಸ್ತುಗಳನ್ನು ತೋರಿಸಿ ಎಂದಾಗ ತೋರಿಸಲು ಏನೂ ಇರಲಿಲ್ಲ. ಗೋಡೆ, ಬಾಗಿಲು, ವೈರಿಂಗಿನ ನಷ್ಟ ಮಂಜೂರಾಯಿತು; ಉಪಕರಣಗಳಲ್ಲಿ ಬಿಲ್ಲು ಸಿಕ್ಕ ಎರಡಕ್ಕೆ ಮಾತ್ರ ಹಣ ಬಂದಿತು.

ಆದ್ದರಿಂದ ನನ್ನ ಕಳಕಳಿಯ ಮನವಿಯೆಂದರೆ, ನೀರು ಇಳಿದ ಕೂಡಲೇ, ಪೊರಕೆ ಕೈಗೆತ್ತಿಕೊಳ್ಳುವ ಮೊದಲು, ಫೋನ್ ಕೈಗೆತ್ತಿಕೊಳ್ಳಿ. ಮೊದಲು ಕಂಪನಿಗೆ ಸುದ್ದಿ ಮುಟ್ಟಿಸಿ ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಗೋಡೆಯ ಮೇಲೆ ನೀರು ನಿಂತ ಗುರುತನ್ನು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಪ್ರತಿ ಉಪಕರಣದ ಹಿಂಬದಿಯಲ್ಲಿರುವ ಮಾದರಿ ಸಂಖ್ಯೆಯ ಚೀಟಿಯನ್ನೂ ಚಿತ್ರ ತೆಗೆಯಿರಿ. ನಷ್ಟ ಹೆಚ್ಚಾಗದಂತೆ ವಸ್ತುಗಳನ್ನು ಒಣಗಿಸುವುದು ಮಾಲೀಕರ ಕರ್ತವ್ಯವೇ. ಆದರೆ ಸರ್ವೇಯರ್ ನೋಡುವವರೆಗೆ, ಅಥವಾ ಬರಹದಲ್ಲಿ ಒಪ್ಪಿಗೆ ಕೊಡುವವರೆಗೆ, ಯಾವುದನ್ನೂ ಎಸೆಯಬಾರದು. ಕ್ಲೇಮ್ ಫಾರಂ ಅನ್ನು ನಷ್ಟ ಗಮನಕ್ಕೆ ಬಂದ 30 ದಿನಗಳೊಳಗೆ ಕೊಡಬೇಕು. ಮಳೆಯ ಪ್ರಮಾಣಕ್ಕೆ ಪುರಾವೆ ಕೇಳಿದರೆ ಹವಾಮಾನ ಇಲಾಖೆಯ ವರದಿಯಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ಮಳೆಮಾಪಕಗಳನ್ನು ಇರಿಸಿದೆ. ಕಂದಾಯ ಇಲಾಖೆಯವರು ಮಹಜರು ಮಾಡಿದ್ದರೆ ಅದರ ಪ್ರತಿಯನ್ನೂ ಪಡೆದಿಟ್ಟುಕೊಳ್ಳಿ.

ಕ್ಲೇಮು ತಿರಸ್ಕೃತವಾದರೆ ಅಲ್ಲಿಗೆ ದಾರಿ ಮುಗಿಯುವುದಿಲ್ಲ. ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್ ಅವರನ್ನು ಸಂಪರ್ಕಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಇತ್ಯರ್ಥಪಡಿಸುತ್ತಾರೆ; ನೀಡಿದ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಅತ್ತಿಗೆ ಅಲ್ಲಿಗೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೇಲಿನ ಮಹಡಿಯಲ್ಲಿದ್ದೇವೆಂದು ನೆಮ್ಮದಿಯಾಗಿರುವುದುಂಟು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಜಲಾವೃತವಾದಾಗ ಎಲ್ಲ ಮಹಡಿಯವರೂ ದೋಣಿಗಾಗಿ ಕಾದರು. ಲಿಫ್ಟು, ಜನರೇಟರು, ಪಂಪು, ವಿದ್ಯುತ್ ಫಲಕಗಳು ಕೆಳಗಿರುತ್ತವೆ. ಅವು ಹಂಚಿಕೊಂಡ ಆಸ್ತಿಯಾದ್ದರಿಂದ ಅವುಗಳಿಗೆ ವಿಮೆ ಮಾಡಿಸಬೇಕಾದದ್ದು ನಿವಾಸಿಗಳ ಸಂಘ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಆ ಪಾಲಿಸಿಯ ಪ್ರತಿಯನ್ನು ಕೇಳಿ ನೋಡಿ. ತಳಮಹಡಿಯಲ್ಲಿ ನಿಲ್ಲಿಸಿದ ಕಾರಿಗೆ ಅದರದ್ದೇ ಸಮಗ್ರ ವಿಮೆ ಅನ್ವಯಿಸುತ್ತದೆ, ಆದರೆ ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಿ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಇಲ್ಲದವರಿಗೆ ಹಣ ಸಿಗುವುದಿಲ್ಲ.

ಊರಿನ ಮನೆಗೆ ಬೀಗ ಹಾಕಿ ಮಕ್ಕಳ ಬಳಿ ಬಂದಿರುವ ಹಿರಿಯರು ನಮ್ಮಲ್ಲಿ ಈಗ ಬಹಳ. ಮನೆ ಬಹುಕಾಲ ಖಾಲಿ ಇರುವುದಾದರೆ ಅದನ್ನು ಕಂಪನಿಗೆ ಮೊದಲೇ ಬರಹದಲ್ಲಿ ತಿಳಿಸಬೇಕು. ಹುಲ್ಲು, ಬಿದಿರು, ಮರದ ಹಲಗೆಗಳಿಂದ ಕಟ್ಟಿದ ಭಾಗಗಳಿದ್ದರೆ, ಅಥವಾ ಮುಂಭಾಗದಲ್ಲಿ ಅಂಗಡಿ ನಡೆಯುತ್ತಿದ್ದರೆ, ಅದನ್ನೂ ಅರ್ಜಿಯಲ್ಲಿ ಮರೆಮಾಚದೆ ಬರೆಯಬೇಕು. ಮುಚ್ಚಿಟ್ಟ ಸಂಗತಿ ಕ್ಲೇಮಿನ ದಿನ ಹೊರಬಂದರೆ ಅಷ್ಟು ವರ್ಷ ಕಟ್ಟಿದ ಕಂತು ವ್ಯರ್ಥವಾಗುವ ಸಂಭವವಿದೆ.

ಶಿವಮೊಗ್ಗದ ಮನೆಗೆ ನಾನು ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದು 2021ರ ಮೇ ತಿಂಗಳಲ್ಲಿ, ರೋಹಿಣಿ ಮಳೆ ಹುಟ್ಟುವ ಮೊದಲು. ವರ್ಷದ ಕಂತು ಎರಡು ಸಾವಿರ ರೂಪಾಯಿಗಿಂತ ಕಡಿಮೆ. ಪ್ರತಿ ಮೇ ತಿಂಗಳಲ್ಲಿ ನವೀಕರಣದ ರಸೀದಿಯನ್ನು ಅಪ್ಪನಿಗೆ ಕಳುಹಿಸುತ್ತೇನೆ. ಅವರು ಅದನ್ನು ಅದೇ ಟ್ರಂಕಿನಲ್ಲಿ, ಹಳೆಯ ರಸೀದಿ ಇದ್ದ ಜಾಗದಲ್ಲಿ ಇಡುತ್ತಾರೆ. ಈ ಸಲ ರಸೀದಿ ಕೈಸೇರಿದ ಮೇಲೆ ಅವರೇ ಫೋನ್ ಮಾಡಿ, ಹೋದ ವರ್ಷ ಹಿತ್ತಿಲ ಕಡೆಗೆ ವಿಸ್ತರಿಸಿದ ಅಡುಗೆಮನೆಯ ಅಳತೆ ಇದರಲ್ಲಿ ಸೇರಿದೆಯೇ ಎಂದು ಕೇಳಿದರು. ಸೇರಿರಲಿಲ್ಲ. ಮುಂದಿನ ಭಾನುವಾರ ಅಳತೆಪಟ್ಟಿ ಹಿಡಿದು ಊರಿಗೆ ಹೊರಟಿದ್ದೇನೆ.